ಗುಂಡಿಯ ಯಜಮಾನನೂ ಹಣ ಕೊಟ್ಟವನೂ



ತನ್ನ ಕೈಯಿಂದ ಮಾಡಿದ ಕೇಡಿಗೆ ತಾನೇ ಹೊಣೆಗಾರನೆಂಬದನ್ನು ಒಪ್ಪದವರು ಯಾವ ಹಳ್ಳಿಯಲ್ಲಿಯೂ ಇಲ್ಲ. ನೆರೆಯವನ ತೊಗರಿಯ ಹೊಲದಲ್ಲಿ ದನ ಬಿಟ್ಟವನು ಪಂಚರ ಮುಂದೆ ನಿಂತು ನಷ್ಟವನ್ನು ತುಂಬಿಕೊಡುತ್ತಾನೆ. ಬಣವೆಗೆ ಬೆಂಕಿ ತಾಗಿಸಿದವನು, ಬೇಕೆಂದು ತಾಗಿಸದಿದ್ದರೂ, ಕಣಿಕೆಯ ಬೆಲೆಯನ್ನು ಕೊಡುತ್ತಾನೆ. ಇದರಲ್ಲಿ ವಾದವಿಲ್ಲ. ವಾದವು ಹುಟ್ಟುವದು ಬೇರೆ ಸ್ಥಳದಲ್ಲಿ. ಕೇಡನ್ನು ಮಾಡಿದ ಕೈ ಒಬ್ಬನದು, ಮಾಡಿಸಿದ ಬಾಯಿ ಇನ್ನೊಬ್ಬನದು, ಅದಕ್ಕೆ ಬೇಕಾದ ರೊಕ್ಕವನ್ನು ಕೊಟ್ಟು ಬಡ್ಡಿಯನ್ನೂ ಲಾಭವನ್ನೂ ಎಣಿಸಿಕೊಂಡ ಗಂಟು ಮತ್ತೊಬ್ಬನದು; ಈ ಮೂರನೆಯವನು ಆ ಸ್ಥಳವನ್ನು ಕಣ್ಣಿನಿಂದ ಕಂಡವನೂ ಅಲ್ಲ. ಹೀಗಿರಲಾಗಿ ನಷ್ಟ ಹೊಂದಿದ ಬಡವನು ಯಾರ ಬಾಗಿಲನ್ನು ತಟ್ಟಬೇಕು? ಮೂರನೆಯವನ ಬಾಗಿಲಿಗೂ ಹೋಗುವದು ನ್ಯಾಯವೋ, ಇಲ್ಲವೆ ಅದು ಬರೇ ಸಿಟ್ಟಿನ ಮಾತೋ? ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರಿಸೋಣ.

ಇದು ದೂರದ ಪಟ್ಟಣಗಳ ಪಂಡಿತರಿಗೆ ಸಂಬಂಧಿಸಿದ್ದೆಂದು ಯಾರೂ ಎಣಿಸಬಾರದು. ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಭೀಮಾ ನದಿಯ ದಂಡೆಯಲ್ಲಿ ವಾಸಿಸುವವರಿಗೆ ಇದು ಮನೆಯ ಬಾಗಿಲಿನ ಸಂಗತಿಯಾಗಿದೆ. ಉಸುಕೆಂಬದು ಹೊಳೆಯ ಹಾಸಿಗೆ ಮಾತ್ರವಲ್ಲ, ಹೊಳೆಯ ಗಡಿಗೆಯೂ ಆಗಿದೆ. ಮಳೆಗಾಲದ ನೀರನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಹೊಳೆ ಬತ್ತಿದ ಮೇಲೆಯೂ ಹೆಂಗಸರು ಉಸುಕಿನಲ್ಲಿ ಒರತೆಯನ್ನು ತೋಡಿ ಬಟ್ಟಲಿನಿಂದ ಕೊಡ ತುಂಬುವದನ್ನು ನಮ್ಮಲ್ಲಿ ನೋಡದವರಾರು? ದಂಡೆಯ ಬಾವಿಗಳಿಗೆ ಸೆಲೆ ಬರುವದೂ ಅದರೊಳಗಿಂದಲೇ. ಅದನ್ನು ಮಿತಿಮೀರಿ ತೆಗೆದರೆ ಹೊಳೆಯ ತಳವು ಇಳಿಯುತ್ತದೆ. ಅದರ ಹಿಂದೆ ಬಾವಿಯ ನೀರೂ ಇಳಿಯುತ್ತದೆ. ದಂಡೆಯ ಕರೀಮಣ್ಣು ಕುಸಿದು ಹೊಲವು ಹೊಳೆಯ ಪಾಲಾಗುತ್ತದೆ. ಈಜಲು ಇಳಿದ ಹುಡುಗನ ಕಾಲಿಗೆ ನಿನ್ನೆ ಇದ್ದ ನೆಲ ಇಂದು ಸಿಕ್ಕುವದಿಲ್ಲ.

ಉಸುಕಿನ ಗುತ್ತಿಗೆಯು ಎಷ್ಟು ಚಿಕ್ಕದಾದರೂ ಪರಿಸರದ ಅನುಮತಿಯಿಲ್ಲದೆ ನಡೆಯಬಾರದೆಂದು ಸುಪ್ರೀಮ್ ಕೋರ್ಟು 2012ರ ಫೆಬ್ರವರಿ 27ರಂದು ಅಪ್ಪಣೆ ಮಾಡಿತು. ಆದರೂ ಕಳ್ಳ ಸಾಗಾಟವು ನಿಲ್ಲಲಿಲ್ಲ. 2023ರ ಜೂನ್ ತಿಂಗಳಲ್ಲಿ ಜೇವರ್ಗಿ ತಾಲೂಕಿನಲ್ಲಿ, ಇಂಥ ಉಸುಕಿನ ಟ್ರ್ಯಾಕ್ಟರನ್ನು ತಡೆಯಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ಲರೊಬ್ಬರು ಅದರ ಗಾಲಿಗೆ ಸಿಕ್ಕಿ ಪ್ರಾಣಬಿಟ್ಟರು. ಚಾಲಕನನ್ನು ಹಿಡಿದರು. ಅದು ಆಗತಕ್ಕದ್ದೇ. ಆದರೆ ಆ ಒಂದು ಮೊಕದ್ದಮೆಯನ್ನು ಬದಿಗಿಟ್ಟು ಸಾಮಾನ್ಯವಾಗಿ ಕೇಳೋಣ: ರಾತ್ರಿಯ ವೇಳೆ ಹೊಳೆಗೆ ಇಳಿಯುವ ಟ್ರ್ಯಾಕ್ಟರುಗಳು ಯಾರ ಸಾಲದಿಂದ ಬಂದವು? ಆ ಉಸುಕಿನಿಂದ ಎದ್ದ ಮಾಳಿಗೆ ಯಾರದು? ಕಂತಿನ ರೊಕ್ಕವು ತಿಂಗಳು ತಿಂಗಳು ತಪ್ಪದೆ ಹೋಗಿ ಸೇರುವದೆಲ್ಲಿ? ಚಾಲಕನನ್ನು ಹಿಡಿದಲ್ಲಿಗೆ ವಿಚಾರಣೆಯು ಮುಗಿದರೆ ಮರುವಾರ ಅದೇ ಹೊಳೆಗೆ ಇನ್ನೊಬ್ಬ ಚಾಲಕನು ಇಳಿಯುವನು. ಬಡವರಲ್ಲಿ ಚಾಲಕರಿಗೆ ಕಡಿಮೆಯಿಲ್ಲ.

ಮೋಶೆಯ ಧರ್ಮಶಾಸ್ತ್ರವನ್ನು ಓದಿದವರಿಗೆ ವಿಮೋಚನಕಾಂಡದ 21ನೆಯ ಅಧ್ಯಾಯದ ಎರಡು ಕಟ್ಟಳೆಗಳು ನೆನಪಿರಬಹುದು. ಮೊದಲನೆಯದು ಗುಂಡಿಯ ವಿಷಯ. ಒಬ್ಬನು ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟದ್ದರಿಂದ ಪರರ ಎತ್ತಾಗಲಿ ಕತ್ತೆಯಾಗಲಿ ಅದರಲ್ಲಿ ಬಿದ್ದು ಸತ್ತರೆ, ಅದರ ಬೆಲೆಯನ್ನು ಗುಂಡಿಯ ಯಜಮಾನನು ತೆರಬೇಕೆಂದು ಅದರ ತಾತ್ಪರ್ಯ. ಗುದ್ದಲಿ ಹಿಡಿದ ಕೂಲಿಯವನು ಯಾರೆಂದು ಅಲ್ಲಿ ಕೇಳಿಲ್ಲ. ಯಜಮಾನನು ಆ ದಿನ ಊರಲ್ಲಿದ್ದನೋ ಇಲ್ಲವೋ ಎಂದೂ ಕೇಳಿಲ್ಲ. ಎರಡನೆಯದು ಹಾಯುವ ಎತ್ತಿನ ವಿಷಯ. ಎಂದೂ ಹಾಯದ ಎತ್ತು ಒಮ್ಮೆಲೇ ಒಬ್ಬನನ್ನು ಹಾಯ್ದು ಕೊಂದರೆ ಯಜಮಾನನು ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ಅವನಿಗೆ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಇದ್ದನಾದರೆ ಅಪರಾಧವು ಅವನ ಮೇಲೆಯೇ ಬರುವದು. ಹೀಗೆ ಒಂದು ಕಟ್ಟಳೆಯು ಒಡೆತನವನ್ನೂ ಇನ್ನೊಂದು ತಿಳುವಳಿಕೆಯನ್ನೂ ನೋಡುತ್ತದೆ. ದನಕರುಗಳೊಡನೆ ಬಾಳುವ ಜನರಿಗೆ ಇದಕ್ಕಿಂತ ಸುಲಭವಾದ ನ್ಯಾಯಶಾಸ್ತ್ರವು ಬೇಕಾಗಿಲ್ಲ.

ಈ ಕಾಲದ ನ್ಯಾಯಸ್ಥಾನಗಳೂ ಬಹು ಸುತ್ತಿ ಇದೇ ದಾರಿಗೆ ಬಂದವು. ಇಂಗ್ಲೆಂಡಿನಲ್ಲಿ ಗಿರಣಿಯ ಒಡೆಯನೊಬ್ಬನು ಗುತ್ತಿಗೆದಾರರ ಕೈಯಿಂದ ಒಂದು ಕೆರೆಯನ್ನು ಕಟ್ಟಿಸಿದನು. ಅದರ ನೀರು ಕೆಳಗಿದ್ದ ಹಾಳುಗಣಿಯ ಬಾವಿಗಳೊಳಗಿಂದ ನುಗ್ಗಿ ನೆರೆಯವನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಒಡೆಯನು ತಾನೇ ಅಜಾಗ್ರತೆಯಿಂದ ಏನೂ ಮಾಡಿರಲಿಲ್ಲ. ಆದರೂ, ಅಪಾಯದ ವಸ್ತುವನ್ನು ತನ್ನ ನೆಲಕ್ಕೆ ತಂದು ಕೂಡಿಸಿದವನೇ ಅದರಿಂದಾದ ನಷ್ಟವನ್ನು ತುಂಬಬೇಕೆಂದು ಅಲ್ಲಿಯ ಮೇಲಣ ನ್ಯಾಯಸ್ಥಾನವು 1868ರಲ್ಲಿ ತೀರ್ಪು ಕೊಟ್ಟಿತು. ದಿಲ್ಲಿಯ ಒಂದು ಕಾರ್ಖಾನೆಯಿಂದ ಆಮ್ಲದ ವಿಷವಾಯು ಸೋರಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಮ್ ಕೋರ್ಟು 1986ರ ದಶಂಬರ 20ರಂದು ಇನ್ನೂ ಮುಂದೆ ಹೋಯಿತು. ಇಂಥ ಉದ್ಯೋಗವನ್ನು ನಡಿಸುವವನು ಯಾವ ನೆವವನ್ನೂ ಹೇಳಿ ತಪ್ಪಿಸಿಕೊಳ್ಳಲಾಗದು. ಕಂಪೆನಿಯು ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಾಗಿರಬೇಕು ಎಂದಿತು.

ಇಷ್ಟರ ತನಕ ದಾರಿಯು ಸರಳವಾಗಿದೆ, ಯಾಕಂದರೆ ಆ ಗುಂಡಿಗಳಿಗೆ ಒಬ್ಬೊಬ್ಬ ಯಜಮಾನನಿದ್ದನು. ಈಗಿನ ಗುಂಡಿಗೆ ಯಜಮಾನರು ಸಾವಿರ. ಬಳ್ಳಾರಿಯನ್ನು ನೋಡಿದರೆ ಇದು ತಿಳಿಯುವದು.

ಬಳ್ಳಾರಿಯ ಸಂಗತಿಯನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಕೂಲಿಗೋಸ್ಕರ ಅಲ್ಲಿಗೆ ಹೋಗಿ ಬಂದವರೂ ಇದ್ದಾರೆ. ಚೀನಾ ದೇಶದಲ್ಲಿ ಉಕ್ಕಿನ ಬೇಡಿಕೆ ಏರಿದ್ದರಿಂದ 2003ರ ತರುವಾಯ ಕಬ್ಬಿಣದ ಅದಿರಿನ ಬೆಲೆಯು ಒಂದಕ್ಕೆ ಹಲವು ಪಟ್ಟಾಯಿತು. ಸಂಡೂರು, ಹೊಸಪೇಟೆಗಳ ಗುಡ್ಡಗಳನ್ನು ಹಗಲಿರುಳು ಅಗೆದರು. ಲಾರಿಗಳ ಸಾಲು ಕಡಲತೀರದ ಬಂದರುಗಳ ತನಕ ಹರಿಯಿತು. ದಾರಿಯ ಎರಡು ಕಡೆಗಳಲ್ಲಿಯೂ ಜೋಳದ ತೆನೆ, ಮೆಣಸಿನ ಗಿಡ, ಹತ್ತಿಯ ಕಾಯಿ ಎಲ್ಲದರ ಮೇಲೆಯೂ ಕೆಂಪು ಧೂಳು ಕೂತಿತು. ಮಳೆ ಬಂದಾಗ ಗುಡ್ಡದ ಕೆಮ್ಮಣ್ಣು ಹಳ್ಳಗಳಿಗೂ ಕೆರೆಗಳಿಗೂ ಇಳಿಯಿತು. ಅದಿರನ್ನು ಒಡೆದು ಆರಿಸುವ ಕೆಲಸಕ್ಕೆ ಚಿಕ್ಕ ಮಕ್ಕಳೂ ಹೋದರು. ಕೆಲವು ಗುತ್ತಿಗೆದಾರರು ಗುತ್ತಿಗೆಯ ಗಡಿಯನ್ನು ದಾಟಿ ಅರಣ್ಯವನ್ನೇ ಅಗೆದರು. ಆಂಧ್ರದ ಗಡಿಯಲ್ಲಂತೂ ರಾಜ್ಯದ ಎಲ್ಲೆಯ ಗುರುತೇ ವಿವಾದಕ್ಕೆ ಬಿದ್ದಿತು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2008ರ ದಶಂಬರದಲ್ಲಿ ಒಂದು ವರದಿಯನ್ನೂ 2011ರ ಜುಲಾಯಿ 27ರಂದು ಇನ್ನೊಂದನ್ನೂ ಸರಕಾರಕ್ಕೆ ಒಪ್ಪಿಸಿದರು. ಬೊಕ್ಕಸಕ್ಕೆ ಆದ ನಷ್ಟವೇ 16,085 ಕೋಟಿ ರೂಪಾಯಿಗಳೆಂದು ಎರಡನೆಯ ವರದಿಯಲ್ಲಿ ಲೆಕ್ಕ ತೋರಿಸಿದರು. ನನ್ನ ಅಭಿಪ್ರಾಯದಲ್ಲಿ ಆ ವರದಿಯ ದೊಡ್ಡ ಗುಣವು ಈ ಅಂಕೆಯಲ್ಲಿ ಇಲ್ಲ. ಅದು ಗುಂಡಿಯ ಅಂಚಿನಲ್ಲಿ ನಿಂತುಬಿಡದೆ ಹಣದ ಜಾಡನ್ನು ಹಿಡಿದು ನಡೆಯಿತು, ಇದೇ ಅದರ ಗುಣ. ಪರವಾನಗಿ ಇಲ್ಲದ ಲಾರಿಗಳು ನಾಕೆಗಳನ್ನು ದಾಟಿಹೋಗುವದಕ್ಕೆ ಒಂದು ಏರ್ಪಾಡು ಇತ್ತೆಂದೂ ಅದಕ್ಕೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತೆಂದೂ ಅದು ಬೈಲಿಗೆ ತಂದಿತು. ಕನ್ನಡದಲ್ಲಿ ಹೇಳಬೇಕಾದರೆ, ಅಪಾಯ ಸೊನ್ನೆ. ಯಾರಿಗೆ ಸೊನ್ನೆ? ಧೂಳನ್ನು ಉಸಿರಾಡಿದ ಕೂಲಿಯವನಿಗಲ್ಲ. ಮೆಣಸಿನಕಾಯಿಗೆ ಬೆಲೆ ಸಿಕ್ಕದ ಒಕ್ಕಲಿಗನಿಗೂ ಅಲ್ಲ. ಅಪಾಯವು ಲೋಕದಿಂದ ಮಾಯವಾಗುವ ವಸ್ತುವಲ್ಲ. ಒಬ್ಬನು ಅದನ್ನು ತನ್ನ ಮೈಮೇಲಿಂದ ಕೊಡಹಿದರೆ ಅದು ಮತ್ತೊಬ್ಬನ ಮೇಲೆ ಬೀಳುತ್ತದೆ, ಅದೂ ಹೆಚ್ಚಾಗಿ ಕೆಳಗೆ ನಿಂತವನ ಮೇಲೆ.

ಧಾರವಾಡ ಸೀಮೆಯ ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯೂ ಅದರ ಮುಂದಾಳಾದ ಎಸ್.ಆರ್. ಹಿರೇಮಠರೂ 2009ರಲ್ಲಿ ಸುಪ್ರೀಮ್ ಕೋರ್ಟಿಗೆ ದೂರು ಒಯ್ದಿದ್ದರು. 2011ರ ಜುಲಾಯಿ 29ರಂದು ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರುಗಳ ಗಣಿಗಳನ್ನೂ ನಿಲ್ಲಿಸಿತು. 2013ರ ಎಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಅವುಗಳ ತಪ್ಪಿನ ಪ್ರಮಾಣದ ಮೇರೆಗೆ ಮೂರು ವರ್ಗ ಮಾಡಿ, ಬಹಳ ಕೆಟ್ಟವುಗಳ ಗುತ್ತಿಗೆಯನ್ನು ರದ್ದುಮಾಡಿ, ಉಳಿದವುಗಳು ವರುಷಕ್ಕೆ ಒಟ್ಟು 3 ಕೋಟಿ ಟನ್ನಿಗಿಂತ ಹೆಚ್ಚು ತೆಗೆಯಬಾರದೆಂದು ಕಟ್ಟುಮಾಡಿತು. (ಈ ಮಿತಿಯನ್ನು ಮುಂದೆ ಕೋರ್ಟೇ ಏರಿಸಿತು.) ಅದಿರನ್ನು ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಕೆಟ್ಟ ನೆಲವನ್ನೂ ಜನರ ಬದುಕನ್ನೂ ಸರಿಪಡಿಸುವದಕ್ಕಾಗಿ ಕಡಿದು ಇಡಬೇಕೆಂದೂ ಆಜ್ಞಾಪಿಸಿತು. ಅದಕ್ಕಾಗಿ 2014ರಲ್ಲಿ ಒಂದು ನಿಗಮವು ಸ್ಥಾಪನೆಯಾಯಿತು. 2022ರಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಕೆಲಸಗಳಿಗೆ ಕೋರ್ಟು ಒಪ್ಪಿಗೆಯನ್ನು ಕೊಟ್ಟಿತು. ಗುಂಡಿಯ ಯಜಮಾನನೇ ತೆರಬೇಕೆಂಬ ಹಳೇ ಕಟ್ಟಳೆಯು ಇಷ್ಟು ದೊಡ್ಡ ಪ್ರಮಾಣದಲ್ಲಿ ನೆರವೇರಿದ್ದು ಈ ನಾಡಿನಲ್ಲಿ ಮೊದಲು ಕಂಡದ್ದಿಲ್ಲ.

ಆದರೂ ಗಣಿ ನಿಂತ ದಿನ ಏನಾಯಿತೆಂಬದನ್ನು ನೋಡಬೇಕು. ಸಾವಿರಾರು ಲಾರಿಗಳು ರಸ್ತೆಯ ಬದಿಗೆ ನಿಂತವು. ಇವುಗಳಲ್ಲಿ ಬಹಳಷ್ಟು ದೊಡ್ಡವರ ಲಾರಿಗಳಲ್ಲ. ಹೊಲವನ್ನೋ ಹೆಂಡತಿಯ ಬಂಗಾರವನ್ನೋ ಒತ್ತೆಯಿಟ್ಟು ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ, ಒಂದೇ ಒಂದು ಲಾರಿಯನ್ನು ಕೊಂಡವರವು. ಕಂತು ನಿಂತಿತು, ಸಾಲ ಕೊಟ್ಟವರು ಬಂದು ಲಾರಿಗಳನ್ನು ಎಳೆದುಕೊಂಡು ಹೋದರು. ಸಾಲಗಾರ ಸಂಸ್ಥೆಗಳು ಆ ವ್ಯಾಪಾರದಲ್ಲಿ ಪಾಲುಗಾರರಲ್ಲವೆಂದು ಹೇಳುವವರು ಇದನ್ನು ಯೋಚಿಸಲಿ. ಅದಿರು ಹರಿಯುತ್ತಿದ್ದಾಗ ಅವರಿಗೆ ಬಡ್ಡಿ ಬಂತು. ಅದಿರು ನಿಂತಾಗ ಅವರಿಗೆ ಲಾರಿ ಬಂತು. ಕೆಂಪು ಧೂಳಿನ ಲೆಕ್ಕವನ್ನು ಮಾತ್ರ ಅವರ ಪುಸ್ತಕದಲ್ಲಿ ಯಾರೂ ಬರೆಯಲಿಲ್ಲ.

ಇಲ್ಲಿ ಕಂಪೆನಿಯೆಂಬ ಏರ್ಪಾಡಿನ ಒಂದು ಗುಟ್ಟನ್ನು ತಿಳಿದುಕೊಳ್ಳುವದು ಒಳ್ಳೆಯದು. ಕಾರ್ಖಾನೆಯ ಬಾಗಿಲಿನ ಹಲಗೆಯ ಮೇಲೆ ಕಂಪೆನಿಯ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂಬ ಮಾತು ಇರುವದು. ಹೊಣೆಗೆ ಮಿತಿ ಉಂಟೆಂದು ಅದರ ಅರ್ಥ. ಪಾಲುದಾರನು ಎಷ್ಟು ಹಣ ಹಾಕಿದನೋ ಅಷ್ಟನ್ನು ಮಾತ್ರ ಕಳಕೊಂಡಾನು. ಕಂಪೆನಿಯು ಮಾಡಿದ ಸಾಲಕ್ಕಾಗಲಿ ಕೇಡಿಗಾಗಲಿ ಅವನ ಮನೆಯನ್ನೂ ಹೊಲವನ್ನೂ ಮುಟ್ಟುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ 1855ರಲ್ಲಿಯೂ ಹಿಂದೂಸ್ಥಾನದಲ್ಲಿ 1857ರಲ್ಲಿಯೂ ಈ ಕಾನೂನು ಬಂತು. ಇದರಿಂದ ಒಳ್ಳೇದಾಗಿಲ್ಲವೆಂದು ನಾನು ಹೇಳುವದಿಲ್ಲ; ಸಣ್ಣವರ ಸಣ್ಣ ಹಣವು ಕೂಡಿ ರೈಲೂ ಗಿರಣಿಯೂ ಆದದ್ದು ಇದರಿಂದಲೇ. ಆದರೆ ನಷ್ಟಕ್ಕೆ ಮಿತಿ ಹಾಕಿದವರು ಲಾಭಕ್ಕೆ ಮಿತಿ ಹಾಕಲಿಲ್ಲ. ಕೋಲಾರದ ಚಿನ್ನದ ಗಣಿಯನ್ನು ನೋಡಿರಿ. 1880ರಿಂದ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯು ಅದನ್ನು ನಡಿಸಿತು. 1956ರಲ್ಲಿ ಮೈಸೂರು ಸರಕಾರವು ವಶಕ್ಕೆ ತೆಗೆದುಕೊಂಡಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ನೆಲದೊಳಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಹೋಗಿ ತಂದ ಚಿನ್ನದ ಲಾಭಾಂಶವು ಕಡಲಾಚೆಯ ಪಾಲುದಾರರ ಮಕ್ಕಳು ಮೊಮ್ಮಕ್ಕಳಿಗೆ ಹಂಚಿಹೋಯಿತು. ಚಿನ್ನ ಬೇರ್ಪಡಿಸಿ ಬಿಸುಟ ಸಯನೈಡ್ ಕಸದ ದಿಬ್ಬಗಳು ಮಾತ್ರ ಎಲ್ಲಿಗೂ ಹೋಗದೆ ಊರ ನಡುವೆ ನಿಂತವು. ಗಾಳಿ ಬೀಸಿದಾಗ ಆ ಪುಡಿಯು ಕೂಲಿಗಾರರ ಮೊಮ್ಮಕ್ಕಳ ಮನೆಗಳಿಗೆ ಬರುತ್ತದೆ.

ಈ ಮಿತಿಯ ಗೋಡೆಯಲ್ಲಿ ಈಚೆಗೆ ಒಂದೆರಡು ಕಿಂಡಿಗಳು ಬಿದ್ದಿವೆ. ಆಫ್ರಿಕದ ಜಾಂಬಿಯಾ ದೇಶದಲ್ಲಿ ತಾಮ್ರದ ಗಣಿಯ ವಿಷದಿಂದ ಹೊಳೆಯೂ ಹೊಲವೂ ಕೆಟ್ಟವೆಂದು ಸುಮಾರು 1,800 ಮಂದಿ ಹಳ್ಳಿಗರು, ಗಣಿಯ ಕಂಪೆನಿಯ ಮೇಲೆ ಮಾತ್ರವಲ್ಲ, ಲಂಡನ್ನಿನಲ್ಲಿದ್ದ ಅದರ ತಾಯಿಕಂಪೆನಿಯಾದ ವೇದಾಂತದ ಮೇಲೆಯೂ ದಾವೆ ಹೂಡಿದರು. ತಾಯಿಕಂಪೆನಿಯನ್ನೂ ವಿಚಾರಣೆಗೆ ಕರೆಯಬಹುದೆಂದು ಇಂಗ್ಲೆಂಡಿನ ಸುಪ್ರೀಮ್ ಕೋರ್ಟು 2019ರ ಎಪ್ರಿಲಿನಲ್ಲಿ ಹೇಳಿತು, 2021ರಲ್ಲಿ ರಾಜಿಯಾಯಿತು. ದೂರದ ಹಳ್ಳಿಗರು ಯಜಮಾನನ ಊರಿಗೇ ಹೋಗಿ ಬಾಗಿಲು ತಟ್ಟಿದರು, ಬಾಗಿಲು ತೆರೆಯಿತು.

ಯಜಮಾನನ ವಿಷಯ ಹೀಗಾಯಿತು. ಇನ್ನು ಯಜಮಾನನೂ ಅಲ್ಲದೆ ಕೇವಲ ಸಾಲ ಕೊಟ್ಟವನ ವಿಷಯ. ಇದೇ ನಿಜವಾಗಿ ಕಠಿನವಾದದ್ದು. ‘ಹಣಕ್ಕೆ ಬಣ್ಣವಿಲ್ಲ, ನಾನು ಕೊಟ್ಟೆನು, ಅವನು ಕೊಂಡುಹೋದನು, ಅವನು ಅದರಿಂದ ಕತ್ತಿ ಕೊಂಡರೂ ಕುಡುಗೋಲು ಕೊಂಡರೂ ನನಗೇನು?’ ಎಂದು ಸಾಲಗಾರನು ಅನ್ನುವನು. ಇದು ಬರೇ ಮೋಸದ ಮಾತಲ್ಲ. ಅಂಗಡಿಯವನು ಮಾರಿದ ಹಗ್ಗದಿಂದ ಒಬ್ಬನು ಕೇಡು ಮಾಡಿದರೆ ಅಂಗಡಿಯವನನ್ನು ನಾವು ದೂಷಿಸುವದಿಲ್ಲವಷ್ಟೆ. ಇದಲ್ಲದೆ, ಪ್ರತಿ ಸಾಲಕ್ಕೂ ಹೊಣೆ ಕಟ್ಟಿದರೆ ಬ್ಯಾಂಕಿನವರು ಬಡವರಿಗೆ ಸಾಲ ಕೊಡುವದನ್ನೇ ಬಿಟ್ಟಾರು. ಆಗ ಕಳ್ಳ ಉಸುಕಿನವನಿಗೆ ಮಾತ್ರವಲ್ಲ, ಬಿತ್ತನೆಗೆ ಟ್ರ್ಯಾಕ್ಟರು ಬೇಕಾದವನಿಗೂ ಬಾಗಿಲು ಮುಚ್ಚೀತು. ಈ ಎರಡನೆಯ ಆಕ್ಷೇಪಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಆದರೆ ಹಗ್ಗ ಮಾರಿದವನಿಗೂ ಸಾಲ ಕೊಟ್ಟವನಿಗೂ ಒಂದು ಭೇದವುಂಟು. ಹಗ್ಗ ಮಾರಿದವನು ಗಿರಾಕಿಯನ್ನು ಏನೂ ಕೇಳುವದಿಲ್ಲ, ಮಾರಿದ ಮೇಲೆ ಅವನ ಹಿಂದೆ ಹೋಗುವದೂ ಇಲ್ಲ. ಸಾಲ ಕೊಡುವವನು ಎಷ್ಟು ಕೇಳುತ್ತಾನೆಂಬದನ್ನು ನಮ್ಮ ಜನರಿಗೆ ಹೇಳಿಕೊಡಬೇಕೋ? ಪಹಣಿ ತಾ, ಇಬ್ಬರು ಜಾಮೀನುದಾರರನ್ನು ತಾ, ಹಿಂದಿನ ಸಾಲ ತೀರಿಸಿದ ಚೀಟಿ ತಾ ಅನ್ನುತ್ತಾನೆ. ಹೊಲವನ್ನು ಬಂದು ನೋಡುತ್ತಾನೆ. ಕೊಟ್ಟ ಮೇಲೆ ಹತ್ತು ವರುಷ ಹಿಂದೆಯೇ ಬರುತ್ತಾನೆ. ಇಷ್ಟೆಲ್ಲ ಅವನು ಕೇಳುವದು ತನ್ನ ರೊಕ್ಕವು ಹಿಂದಕ್ಕೆ ಬರುವದೋ ಎಂಬದನ್ನು ತಿಳಿಯುವದಕ್ಕೆ. ತನ್ನ ರೊಕ್ಕದ ಸುರಕ್ಷಿತಕ್ಕಾಗಿ ಇಪ್ಪತ್ತು ಪ್ರಶ್ನೆ ಕೇಳಬಲ್ಲವನು ಹೊಳೆಯ ಸುರಕ್ಷಿತಕ್ಕಾಗಿ ಇಪ್ಪತ್ತೊಂದನೆಯ ಪ್ರಶ್ನೆಯನ್ನು ಕೇಳಲಾರನೇ? ಈ ಗಾಡಿಗೆ ಏನು ಕೆಲಸ, ಈ ಗಣಿಗೆ ಅನುಮತಿ ಉಂಟೋ, ಗುಂಡಿ ಮುಚ್ಚುವದಕ್ಕೆ ಹಣ ಇಟ್ಟಿದ್ದೀರೋ, ಇಷ್ಟೇ. ಬಿತ್ತನೆಯವನು ಇದಕ್ಕೆ ಒಂದು ಗಳಿಗೆಯಲ್ಲಿ ಉತ್ತರ ಕೊಡುವನು. ಉತ್ತರ ಕೊಡಲಾರದವನು ಬೇರೆ. ಆದದರಿಂದ ಬಡವನಿಗೆ ಬಾಗಿಲು ಮುಚ್ಚೀತೆಂಬ ಭಯವು ನಿಜವಾದದ್ದಾದರೂ, ಬಾಗಿಲನ್ನು ಮುಚ್ಚುವದು ಈ ಪ್ರಶ್ನೆಯಲ್ಲ.

ಹಣಗಾರನು ಹೊರಗಿನವನೆಂಬ ಮಾತು ಎಷ್ಟು ಸುಳ್ಳೆಂಬದಕ್ಕೆ ನಮ್ಮ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದ ಒಂದು ಉದಾಹರಣೆ ಉಂಟು. 1886ರಲ್ಲಿ ಹೈದರಾಬಾದಿನ ಸರಕಾರವು ರಾಜ್ಯದ ಗಣಿಗಳ ಹಕ್ಕನ್ನು ಇಬ್ಬರು ಇಂಗ್ಲಿಷರಿಗೆ ಕೊಟ್ಟಿತು. ಅವರು ಲಂಡನ್ನಿನಲ್ಲಿ ಹೈದರಾಬಾದ್ ದಕ್ಕನ್ ಕಂಪೆನಿಯನ್ನು ಹುಟ್ಟಿಸಿ, 10 ಲಕ್ಷ ಪೌಂಡು ಬಂಡವಾಳವೆಂದು ಕಾಗದದಲ್ಲಿ ಬರೆದು, ಪಾಲುಗಳಲ್ಲಿ ಹೆಚ್ಚಿನವನ್ನು ಹಣ ಕಟ್ಟದೆ ತಮ್ಮ ಕಡೆಯವರಲ್ಲಿಯೇ ಇಟ್ಟುಕೊಂಡರು. ಬಳಿಕ ನಿಜಾಮರ ಬೊಕ್ಕಸದಿಂದಲೇ ಹಣ ತೆಗೆದು ಅದೇ ಪಾಲುಗಳನ್ನು ಏರಿದ ಬೆಲೆಗೆ ಕೊಳ್ಳುವ ಹಾಗೆ ಮಾಡಿದರು. ಗುಟ್ಟು ಹೊರಬಿದ್ದು 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯು ವಿಚಾರಣೆ ನಡಿಸಿತು. ಈ ವ್ಯವಹಾರ ಮಾಡಿಸಿದ ಹೈದರಾಬಾದಿನ ದೊಡ್ಡ ಅಧಿಕಾರಿಯನ್ನು ಕೆಲಸದಿಂದ ದೂರಮಾಡಲಾಯಿತು. ನೋಡಿರಿ, ಭೂಮಿಯ ಗಣಿ ತೋಡುವದಕ್ಕೆ ಮೊದಲೇ ಕಾಗದದ ಗಣಿಯನ್ನು ತೋಡಿ ಲಾಭ ತೆಗೆದಾಗಿತ್ತು. ಗುದ್ದಲಿಯು ಬೀಳುವದಕ್ಕೆ ಮುಂಚೆ ಹಾಜರಿದ್ದವನು, ಗುದ್ದಲಿಯ ಕೆಲಸವು ಕೇಡಾದಾಗ ನಾನು ಅಲ್ಲಿರಲಿಲ್ಲವೆಂದು ಹೇಗೆ ಹೇಳಾನು?

ಅರಸುಗಳ ಪುಸ್ತಕದಲ್ಲಿ ನಾಬೋತನ ದ್ರಾಕ್ಷೇತೋಟದ ವೃತ್ತಾಂತವು ಎಲ್ಲರಿಗೂ ತಿಳಿದದ್ದೇ. ಕಾಗದಗಳನ್ನು ಬರೆದವಳು ರಾಣಿ, ಸುಳ್ಳುಸಾಕ್ಷಿ ಹೇಳಿದವರು ಇಬ್ಬರು, ತೀರ್ಪು ಮಾಡಿದವರು ಊರ ಹಿರಿಯರು, ಕಲ್ಲೆಸೆದವರು ಊರವರು. ಅಹಾಬನು ಏನು ಮಾಡಿದನು? ಮುದ್ರೆಯನ್ನು ಉಪಯೋಗಿಸಗೊಟ್ಟನು, ಆಮೇಲೆ ತೋಟವು ತೆರವಾಯಿತೆಂದು ಕೇಳಿ ಎದ್ದು ಹೋಗಿ ಸ್ವಾಧೀನ ಮಾಡಿಕೊಂಡನು. ನಾಬೋತನು ಹೇಗೆ ಸತ್ತನೆಂದು ಅವನು ಹೆಂಡತಿಯನ್ನು ಕೇಳಿದ ಹಾಗೆ ಅಲ್ಲಿ ಬರೆದಿಲ್ಲ. ಆದರೂ ಪ್ರವಾದಿಯಾದ ಎಲೀಯನು ಕಲ್ಲೆಸೆದವರ ಬಳಿಗೆ ಹೋಗದೆ, ತೋಟದಲ್ಲಿ ನಿಂತಿದ್ದ ಅಹಾಬನ ಬಳಿಗೆ ಬಂದು ಕೊಲೆಯನ್ನೂ ಸ್ವಾಧೀನವನ್ನೂ ಅವನ ಮೇಲೆಯೇ ಹೊರಿಸಿದನು. ಕೇಳದೆ ಇರುವದು ಎಲ್ಲಾ ವೇಳೆಗಳಲ್ಲಿಯೂ ಅಜ್ಞಾನವಲ್ಲ. ಫಲವನ್ನು ತೆಗೆದುಕೊಳ್ಳುವವನು ಕೇಳದೆ ಇದ್ದರೆ ಅದೂ ಒಂದು ಕೃತ್ಯವೇ, ಯಾಕಂದರೆ ಉತ್ತರವು ಏನಾಗಿರುವದೆಂದು ಅವನ ಮನಸ್ಸು ಅರಿತಿರುವದರಿಂದಲೇ ಅವನು ಕೇಳುವದಿಲ್ಲ.

ಹಣ ಕೊಟ್ಟವರನ್ನು ನ್ಯಾಯಸ್ಥಾನಕ್ಕೆ ಎಳೆಯುವ ಪ್ರಯತ್ನವು ಲೋಕದಲ್ಲಿ ಈಗ ನಡೆದಿದೆ, ಆದರೆ ಫಲ ಸ್ವಲ್ಪ. ಗುಜರಾತಿನ ಮುಂದ್ರಾ ಎಂಬಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ಮಾಡುವ ಕಾರ್ಖಾನೆಗೆ ಜಾಗತಿಕ ಬ್ಯಾಂಕಿನ ಬಳಗದ ಹಣಕಾಸು ನಿಗಮವು 45 ಕೋಟಿ ಡಾಲರು ಸಾಲ ಕೊಟ್ಟಿತು. ಬಿಸಿನೀರಿನಿಂದ ಮೀನು ಹೋಯಿತು, ಬೂದಿಯಿಂದ ಒಣಹಾಕಿದ ಮೀನು ಕೆಟ್ಟಿತು ಎಂದು ಬೆಸ್ತರು ದೂರಿದರು. ನಿಗಮದ ಸ್ವಂತ ವಿಚಾರಣಾಧಿಕಾರಿಯೇ 2013ರಲ್ಲಿ ನಿಗಮದ ಮೇಲ್ವಿಚಾರಣೆಯಲ್ಲಿ ಕೊರತೆಗಳನ್ನು ತೋರಿಸಿದರು. ಬೆಸ್ತರು 2015ರಲ್ಲಿ ಅಮೇರಿಕದಲ್ಲಿ ದಾವೆ ಹೂಡಿದರು. ಇಂಥ ನಿಗಮಗಳಿಗೆ ಕೋರ್ಟಿನಿಂದ ಪೂರ್ಣ ರಕ್ಷಣೆಯಿಲ್ಲವೆಂದು ಅಲ್ಲಿಯ ಸುಪ್ರೀಮ್ ಕೋರ್ಟು 2019ರ ಫೆಬ್ರವರಿ 27ರಂದು ಹೇಳಿದಾಗ ಜನರಿಗೆ ಬಹು ಸಂತೋಷವಾಯಿತು. ಆದರೆ ಕೇಡು ನಡೆದದ್ದು ಹಿಂದೂಸ್ಥಾನದಲ್ಲಿ, ಅಮೇರಿಕದಲ್ಲಲ್ಲ ಎಂಬ ಕಾರಣದಿಂದ ಕೆಳಗಿನ ಕೋರ್ಟುಗಳು ದಾವೆಯನ್ನು ತಳ್ಳಿಬಿಟ್ಟವು; 2022ರಲ್ಲಿ ಕೊನೆಯ ಮನವಿಯೂ ಬಿದ್ದುಹೋಯಿತು. ಸಾಲದ ಕಾಗದ ಅಲ್ಲಿ, ಸತ್ತ ಮೀನು ಇಲ್ಲಿ. ಎರಡರ ನಡುವೆ ನ್ಯಾಯವು ನಿಂತುಬಿಟ್ಟಿತು.

ಕೋರ್ಟಿಗೆ ಹೋಗದೆಯೂ ಒಂದು ದಾರಿ ಉಂಟು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಡೊಂಗ್ರಿಯಾ ಕೊಂಧರೆಂಬ ಕಾಡಿನ ಜನರ ನೆಲದಲ್ಲಿ ಗಣಿ ಮಾಡಹೊರಟ ಅದೇ ವೇದಾಂತ ಕಂಪೆನಿಯ ಪಾಲುಗಳನ್ನು ನಾರ್ವೆ ದೇಶದ ಸರಕಾರದ ನಿಧಿಯು 2007ರಲ್ಲಿಯೂ ಇಂಗ್ಲೆಂಡಿನ ಸಭೆಯು 2010ರ ಫೆಬ್ರವರಿಯಲ್ಲಿಯೂ ಮಾರಿಬಿಟ್ಟವು. ಸಭೆಯ ಪಾದ್ರಿಗಳ ನಿವೃತ್ತಿ ವೇತನವನ್ನು ಬೆಳಿಸುವದಕ್ಕಾಗಿ ಇಟ್ಟ ಹಣವೂ ಅದರಲ್ಲಿ ಸೇರಿತ್ತೆಂಬದನ್ನು ನಾವು ಮರೆಯಬಾರದು. ಧರ್ಮದ ಹಣವೂ ಕೇಳದೆ ಬಿಟ್ಟರೆ ಎಲ್ಲಿಗೆ ಹೋಗುವದೆಂದು ಅದರಿಂದ ತಿಳಿಯುತ್ತದೆ. ಬಳ್ಳಾರಿಯ ತೀರ್ಪು ಬಂದ ಅದೇ 2013ರ ಎಪ್ರಿಲ್ 18ರಂದು ನಿಯಮಗಿರಿಯ ತೀರ್ಪೂ ಬಂತು: ಗ್ರಾಮಸಭೆಗಳನ್ನೇ ಕೇಳಿರಿ ಎಂದು ಕೋರ್ಟು ಹೇಳಿತು. ಹನ್ನೆರಡು ಹಳ್ಳಿಗಳ ಸಭೆಗಳು ಕೂಡಿದವು, ಹನ್ನೆರಡೂ ಬೇಡವೆಂದವು.

ಇಷ್ಟು ಹೇಳಿದ ಮೇಲೆ ಒಬ್ಬನು ಕೇಳಬಹುದು: ‘ಹೀಗೆ ಜಾಡು ಹಿಡಿದು ಹೋದರೆ ಕೊನೆಗೆ ನಾನೂ ಸಿಕ್ಕುವೆನಲ್ಲವೇ? ನನ್ನ ಉಳಿತಾಯವೂ ಬ್ಯಾಂಕಿನಲ್ಲಿದೆ, ಬ್ಯಾಂಕು ಅದನ್ನು ಗಣಿಗೆ ಕೊಟ್ಟಿರಬಹುದು; ನನ್ನ ಮನೆಯ ಗೋಡೆಯಲ್ಲಿಯೂ ಉಸುಕುಂಟು. ಎಲ್ಲರೂ ಅಪರಾಧಿಗಳಾದರೆ ಯಾರೂ ಅಪರಾಧಿಗಳಲ್ಲ.’ ಈ ಕೊನೆಯ ವಾಕ್ಯವನ್ನು ನಾನು ಒಪ್ಪುವದಿಲ್ಲ. ಎಲ್ಲರಿಗೂ ಪಾಲಿದ್ದ ಮಾತ್ರಕ್ಕೆ ಎಲ್ಲರ ಪಾಲೂ ಸಮವಾಗದು. ಅಣ್ಣತಮ್ಮಂದಿರು ಮನೆಯ ಸಾಲವನ್ನು ಹಂಚಿಕೊಳ್ಳುವಾಗ ಹೆಚ್ಚು ಹೊಲ ಪಡೆದವನು ಹೆಚ್ಚು ಹೊರುವನು. ಸಾಲ ಮಾಡಿದ್ದನ್ನು ಅರಿತಿದ್ದವನು ಅರಿಯದವನಿಗಿಂತ ಹೆಚ್ಚು ಹೊರುವನು. ಕೈ ಹಿಡಿದು ತಡೆಯಬಲ್ಲವನಾಗಿದ್ದು ತಡೆಯದವನು ಎಲ್ಲರಿಗಿಂತ ಹೆಚ್ಚು ಹೊರುವನು. ಮುದುಕಿಯ ಐದು ಸಾವಿರ ರೂಪಾಯಿಯ ಠೇವಣಿಗೆ ತಡೆಯುವ ಬಲ ಎಳ್ಳಿನಷ್ಟಿದ್ದರೆ ಅವಳ ಹೊಣೆಯೂ ಎಳ್ಳಿನಷ್ಟೇ. ನೂರಾರು ಕೋಟಿಯ ಸಾಲಕ್ಕೆ ಸಹಿ ಹಾಕುವವನಿಗೆ ಒಂದು ಗಣಿಯನ್ನು ನಡಿಸುವ ಬಲವೂ ನಿಲ್ಲಿಸುವ ಬಲವೂ ಉಂಟು; ಅವನ ಎತ್ತು ಹಾಯುವ ಎತ್ತೆಂದು ವರದಿಗಳು ಅವನಿಗೆ ತಿಳಿಸಿವೆ. ಅವನ ಪಾಲನ್ನು ಮುದುಕಿಯ ತಲೆಯ ಮೇಲೆ ಹಂಚಿ ಅವನನ್ನು ಬಿಡಿಸುವದು ನ್ಯಾಯವಲ್ಲ. ಕಾನೂನು ಇಂದು ಬರೇ ಗುಂಡಿಯ ಯಜಮಾನನ ತನಕ ಬಂದಿದೆ. ಸಾಲ ಕೊಟ್ಟವನು ತಿಳಿದು ಕೊಟ್ಟಿದ್ದರೆ, ಇಲ್ಲವೆ ಕೇಳಿದ್ದರೆ ತಿಳಿಯುತ್ತಿದ್ದರೆ, ತಾನು ತೆಗೆದುಕೊಂಡ ಬಡ್ಡಿಯ ಪ್ರಮಾಣಕ್ಕಾದರೂ ನೆಲವನ್ನು ಸರಿಪಡಿಸುವ ವೆಚ್ಚದಲ್ಲಿ ಅವನು ಸೇರಬೇಕೆಂದು ನಾನು ನಂಬುತ್ತೇನೆ. ಬಳ್ಳಾರಿಯಲ್ಲಿ ಅದಿರಿನ ಬೆಲೆಯಿಂದ ಭಾಗವನ್ನು ಕಡಿಯಬಹುದಾದರೆ ಬಡ್ಡಿಯಿಂದ ಕಡಿಯಬಾರದೆಂಬದಕ್ಕೆ ಕಾರಣವನ್ನು ನಾನು ಕಾಣೆನು.

ಮುದುಕಿಯ ಎಳ್ಳಿನಷ್ಟು ಹೊಣೆಗೆ ನಮ್ಮ ಸೀಮೆಯಲ್ಲಿ ಒಂದು ಸಣ್ಣ ಸ್ಥಳವುಂಟು. ಸಹಕಾರಿ ಪತ್ತಿನ ಸಂಘಗಳ ಸದಸ್ಯರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಈ ಸಂಘಗಳು ಪ್ರತಿವರುಷ ಸಪ್ಟಂಬರ ತಿಂಗಳೊಳಗೆ ವಾರ್ಷಿಕ ಮಹಾಸಭೆಯನ್ನು ಕೂಡಿಸಬೇಕು. ಅಲ್ಲಿ ವರುಷದ ಲೆಕ್ಕವನ್ನು ಮುಂದಿಡುವರು, ಸದಸ್ಯನು ಒಂದು ಪಾಲಿನವನಾದರೂ ಎದ್ದು ಕೇಳುವ ಹಕ್ಕುಳ್ಳವನು. ಗಾಡಿಗಳಿಗೂ ಟ್ರ್ಯಾಕ್ಟರುಗಳಿಗೂ ಕೊಟ್ಟ ಸಾಲ ಎಷ್ಟು, ಅವುಗಳಲ್ಲಿ ಉಸುಕಿನ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದವು ಎಷ್ಟು, ಅಂಥವನಿಗೆ ಮರಳಿ ಸಾಲ ಮಂಜೂರಾಯಿತೋ ಎಂಬ ಮೂರು ಮಾತುಗಳನ್ನು ಕೇಳುವದಕ್ಕೆ ಓದು ಬೇಕಾಗಿಲ್ಲ. ಸಭೆಯ ದಿನವನ್ನು ತಿಳಿಸುವ ಕಾಗದವನ್ನು ಸಾಮಾನ್ಯವಾಗಿ ಸಂಘದ ಬಾಗಿಲಿಗೆ ಅಂಟಿಸಿರುತ್ತಾರೆ.